ಲಕ್ಷ್ಯ ಎಲ್ಲಿದೆ?

ಧಾರವಾಡದ ಶಾಲೆಗಳಲ್ಲಿ ಒಂದು ಪ್ರಶ್ನೆ ತಲೆಮಾರುಗಳಿಂದ ಕೇಳಿಬರುತ್ತಿದೆ. ಹೊರಗೆ ಮುಂಗಾರಿನ ಜಿಟಿಜಿಟಿ ಮಳೆ ಹಿಡಿದಿರುತ್ತದೆ, ಹುಡುಗನೊಬ್ಬನ ಕಣ್ಣು ಕಿಟಕಿಯಾಚೆ ಹೆಂಚಿನಿಂದ ಇಳಿಯುವ ನೀರಿನ ಮೇಲಿರುತ್ತದೆ, ಮಾಸ್ತರರು ಕೈಯೊಳಗಿನ ಖಡು ಕೆಳಗಿಟ್ಟು ಕೇಳುತ್ತಾರೆ: "ಏ ತಮ್ಮಾ, ಲಕ್ಷ್ಯ ಎಲ್ಲೈತಿ ನಿಂದು?"

ಬೇರೆ ಕಡೆಯ ಕನ್ನಡಿಗರು ಲಕ್ಷ್ಯವೆಂದರೆ ಗುರಿಯೆಂದು ತಿಳಿದಾರು. ಈ ಸೀಮೆಯವರಿಗೆ ಅದು ಗಮನ, ಮನಸ್ಸಿನ ನೆಟ್ಟ ನೋಟ. ಹುಡುಗನು ಉತ್ತರ ಕೊಡಲಾರ. ಆ ಪ್ರಶ್ನೆಗೆ ಉತ್ತರ ಕೊಡುವುದು ಮಾಸ್ತರರಿಗೂ ಸುಲಭವಲ್ಲ. ಲಕ್ಷ್ಯವು ಹೊರಟುಹೋಗುವಾಗ ಹೇಳಿ ಹೋಗುವುದಿಲ್ಲ. ಅದು ಹೋಗಿತ್ತೆಂಬುದು ನಮಗೆ ತಿಳಿಯುವುದು ಅದು ಮರಳಿದ ಮೇಲೆಯೇ.

ಇದು ಎಳೆಯರ ದೋಷ ಮಾತ್ರವಲ್ಲವೆಂಬುದಕ್ಕೆ ಪುರಾವೆಯುಂಟು. 2010ರಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ವಿಜ್ಞಾನಿಗಳು 2,250 ಮಂದಿ ವಯಸ್ಕರಿಗೆ ಅವರ ಫೋನಿನ ಮೂಲಕ ದಿನದಲ್ಲಿ ಹೊತ್ತಲ್ಲದ ಹೊತ್ತಿಗೆ ಮೂರು ಪ್ರಶ್ನೆಗಳನ್ನು ಕಳುಹಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲಿಯೇ ಇದೆಯೆ, ಎಷ್ಟು ಸಂತೋಷವಾಗಿದ್ದೀರಿ? ಬಂದ ಉತ್ತರಗಳಲ್ಲಿ ಹೆಚ್ಚು ಕಡಮೆ ನೂರಕ್ಕೆ 47ರಲ್ಲಿ ಮನಸ್ಸು ಮಾಡುವ ಕೆಲಸದಲ್ಲಿರಲಿಲ್ಲ. ಅಲೆಯುತ್ತಿದ್ದ ಮನಸ್ಸು ಒಟ್ಟಿನಲ್ಲಿ ನೆಲೆನಿಂತ ಮನಸ್ಸಿಗಿಂತ ಕಡಮೆ ಸಂತೋಷದ್ದೆಂಬುದೂ ಕಂಡುಬಂದಿತು.

ಎಚ್ಚರವಿರುವ ಹೊತ್ತಿನ ಸುಮಾರು ಅರ್ಧ ಭಾಗ ನಾವು ಮನೆಯಲ್ಲಿರುವುದೇ ಇಲ್ಲವೆಂದಾಯಿತು! ಹಾಗಾದರೆ ಯೋಗಾಸನ ಮಾಡುವಾಗಲಾದರೂ ಇರುತ್ತೇವೆಯೆ? 2015ರಿಂದ ಪ್ರತಿ ವರ್ಷ ಜೂನ್ 21ರಂದು ಹುಬ್ಬಳ್ಳಿ-ಧಾರವಾಡದ ಮೈದಾನಗಳಲ್ಲಿ ವಿದ್ಯಾರ್ಥಿಗಳು ಸಾಲಾಗಿ ನಿಂತು ತಾಡಾಸನ, ವೃಕ್ಷಾಸನಗಳನ್ನು ಮಾಡುವುದನ್ನು ನಾವೆಲ್ಲರೂ ನೋಡಿದ್ದೇವೆ. ತೋಳುಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ನೋಟಕ್ಕೆ ಸೊಗಸು. ಆದರೆ ಮಾಸ್ತರರ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕಾಗುತ್ತದೆ.

ಯೋಗದ ಚರಿತ್ರೆಯಲ್ಲಿ ಧಾರವಾಡಕ್ಕೊಂದು ಸ್ಥಾನವುಂಟು. ಊರಿನವರಿಗೇ ಅದರ ನೆನಪು ಕಡಮೆ. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದರು. 1934ರಲ್ಲಿ 'ಯೋಗಮಕರಂದ'ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. 1936ರಲ್ಲಿ ಅವರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಕೈಕೊಂಡು ಧಾರವಾಡಕ್ಕೆ ಬಂದರು. ಪ್ರದರ್ಶನವನ್ನು ಕಂಡ ಕೆಲವು ಮಹಿಳೆಯರು ತಾವೂ ಕಲಿಯಬೇಕೆಂದರು. ಆ ಕಾಲದಲ್ಲಿ ಸ್ತ್ರೀಯರಿಗೆ ಆಸನ ಕಲಿಸುವುದು ಸಣ್ಣ ಮಾತಲ್ಲ. ಗುರುಗಳು ಶಿಷ್ಯರೆಲ್ಲರಲ್ಲಿ ಚಿಕ್ಕವನನ್ನು ಆರಿಸಿ ಆ ಕೆಲಸಕ್ಕೆ ಕಳುಹಿಸಿದರು. ಅವನ ವಯಸ್ಸು ಹದಿನೇಳು. ಈ ಲೇಖನ ಓದುವ ಅನೇಕರ ವಯಸ್ಸು. ಕೋಲಾರ ಜಿಲ್ಲೆಯ ಬೆಳ್ಳೂರಿನ ಹುಡುಗ, ಗುರುಗಳ ಹೆಂಡತಿಯ ತಮ್ಮ. 1918ರ ಇನ್‌ಫ್ಲುಯೆಂಜಾ ಮಾರಿಯ ದಿನಗಳಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯಿಡುಗಳಿಂದ ನರಳಿ, ಬದುಕಿದ್ದೇ ಹೆಚ್ಚೆಂಬಂತೆ ಬೆಳೆದವನು. ಅವನೇ ಮುಂದೆ ಜಗತ್ಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರರು. 1937ರಲ್ಲಿ ಪುಣೆಗೆ ಹೋಗಿ ಅಲ್ಲಿಯೇ ನೆಲೆಸಿ, 2014ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಯ್ಯಂಗಾರರ ಪ್ರಸ್ತಾಪವನ್ನು ಇಲ್ಲಿ ಊರಿನ ಅಭಿಮಾನಕ್ಕಾಗಿ ಮಾತ್ರ ಮಾಡಲಿಲ್ಲ. ಅವರು ಬೆಳೆಸಿದ ಪದ್ಧತಿಯಲ್ಲಿ ಆಸನವನ್ನು ಓಡುತ್ತ ಮುಗಿಸುವುದಿಲ್ಲ, ಅದರಲ್ಲಿ ನಿಲ್ಲಬೇಕು. ನಿಂತಾಗ ಹಿಮ್ಮಡಿಯ ಯಾವ ಅಂಚಿನ ಮೇಲೆ ಭಾರ ಬಿದ್ದಿದೆ, ಮೊಣಕಾಲ ಚಿಪ್ಪು ಮೇಲಕ್ಕೆ ಸೆಳೆದಿದೆಯೆ, ಒಂದು ಹೆಗಲು ಕಿವಿಯತ್ತ ಏರಿತೆ ಎಂಬುದನ್ನು ಒಂದೊಂದಾಗಿ ನೋಡಬೇಕು. ಮೈ ಬಾಗದವರಿಗೆ ಮರದ ಇಟ್ಟಿಗೆ, ಪಟ್ಟಿ, ಹಗ್ಗಗಳ ಆಸರೆಯುಂಟು. ದಣಿವಿನ ಕಡೆಗೆ ಓಡುವ ಮನಸ್ಸನ್ನು ಹಿಮ್ಮಡಿಗೆ ಕರೆತರುವುದೇ ಅಲ್ಲಿಯ ಪಾಠ. ಅಂಥ ಅರಿವಿಗೆ ಶರೀರದಲ್ಲಿ ಏನಾದರೂ ಆಧಾರವಿದೆಯೆ?

ಆಧಾರವನ್ನು ಕಾಣಲು ಪ್ರಯೋಗಶಾಲೆ ಬೇಕಿಲ್ಲ, ಒಂದು ಗೋಡೆ ಸಾಕು. ಗೋಡೆಯ ಪಕ್ಕ, ಕೈಗೆ ಎಟಕುವಷ್ಟು ದೂರದಲ್ಲಿ ನಿಂತು ವೃಕ್ಷಾಸನದಂತೆ ಒಂದು ಕಾಲನ್ನೆತ್ತಿರಿ. ಎದುರಿನ ಒಂದು ಚುಕ್ಕೆಯ ಮೇಲೆ ದೃಷ್ಟಿಯಿಟ್ಟರೆ ನಿಲ್ಲುವುದು ಕಷ್ಟವಲ್ಲ. ಈಗ ಕಣ್ಣು ಮುಚ್ಚಿರಿ. ಕ್ಷಣಾರ್ಧದಲ್ಲಿ ಪಾದವು ತೂಗಾಡತೊಡಗುತ್ತದೆ. ಶರೀರದ ಸಮತೋಲಕ್ಕೆ ಮೂರು ಕಡೆಯಿಂದ ವರದಿ ಬರಬೇಕು: ಕಣ್ಣಿನಿಂದ, ಒಳಕಿವಿಯ ಅರೆವರ್ತುಲ ನಾಳ ಮುಂತಾದ ಅಂಗಗಳಿಂದ, ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿ ಹುದುಗಿರುವ ಸಂವೇದನಾಗ್ರಗಳಿಂದ. ಕಣ್ಣು ಮುಚ್ಚಿದಾಗ ಮೊದಲನೆಯ ವರದಿ ನಿಂತು, ಉಳಿದೆರಡರ ಮೇಲೆ ಎಲ್ಲ ಭಾರ ಬೀಳುತ್ತದೆ. ಸ್ನಾಯುವಿನ ನಾರುಗಳ ನಡುವೆ ಕದಿರಿನ ಆಕಾರದ ಸೂಕ್ಷ್ಮಾಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಅವು ಎಡೆಬಿಡದೆ ಮಿದುಳಿಗೆ ತಿಳಿಸುತ್ತಿರುತ್ತವೆ. ಕತ್ತಲೆಯಲ್ಲಿಯೂ ತುತ್ತು ಬಾಯಿಗೇ ಹೋಗುವುದು ಇವುಗಳಿಂದಲೇ. ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಈ ಅಂಗಸ್ಥಿತಿಯ ಅರಿವಿಗೆ 'ಪ್ರೊಪ್ರಿಯೋಸೆಪ್ಷನ್' ಎಂದು ಹೆಸರಿಟ್ಟನು.

ಈ ವರದಿಗಳ ಬಹುಪಾಲು ನಮ್ಮ ತಿಳಿವಿಗೆ ಬಾರದೆಯೇ ಕೆಲಸ ಮುಗಿಸಿ ಹೋಗುತ್ತವೆ. ಬಾರದಿರುವುದೇ ಒಳ್ಳೆಯದು, ಪ್ರತಿ ಹೆಜ್ಜೆಗೂ ಮೀನಖಂಡವನ್ನು ವಿಚಾರಿಸುತ್ತ ಹೋದರೆ ಯಾರೂ ಸಂತೆ ತಲುಪಲಾರರು. ಆದರೆ ಬೇಕೆಂದಾಗ ಲಕ್ಷ್ಯವನ್ನು ಆ ಕಡೆ ತಿರುಗಿಸಬಹುದು. ಈ ಸಾಲನ್ನು ಓದುವ ಮೊದಲು ನಿಮ್ಮ ಎಡಗಾಲಿನ ಹೆಬ್ಬೆರಳು ಎಲ್ಲಿತ್ತು? ಅಲ್ಲಿಯೇ ಇತ್ತು, ವರದಿಯೂ ಬರುತ್ತಿತ್ತು, ಕೇಳುವವರಿರಲಿಲ್ಲ.

ಉಸಿರಿನ ಸಂಗತಿ ಇನ್ನೂ ಸೋಜಿಗದ್ದು. ಹೃದಯವು ನಮ್ಮ ಮಾತು ಕೇಳದೆ ಬಡಿಯುತ್ತದೆ, ಜಠರವು ನಮ್ಮನ್ನು ಕೇಳದೆ ಅರೆಯುತ್ತದೆ. ಕೈಬೆರಳು ನಾವು ಹೇಳಿದಂತೆ ಆಡುತ್ತದೆ. ಉಸಿರಾಟ ಮಾತ್ರ ಎರಡೂ ಮನೆಯ ಬಳಕೆಯದು: ಮರೆತು ಮಲಗಿದರೂ ನಡೆಯುತ್ತದೆ, ಮನಸ್ಸು ಮಾಡಿದರೆ ನಿಧಾನಿಸುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೀಳವಾಗಿ ಉಸಿರಾಡಿರಿ. ಎಳೆವಯಸ್ಸಿನವರಲ್ಲಿ ಇದು ಸ್ಪಷ್ಟವಾಗಿ ತಿಳಿಯುತ್ತದೆ: ಉಸಿರನ್ನು ಒಳಗೆಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಹೃದಯಕ್ಕೆ ಕಡಿವಾಣದಂತಿರುವ ವೇಗಸ್ ನರದ ಹಿಡಿತ ನಿಶ್ವಾಸದಲ್ಲಿ ಬಿಗಿಯಾಗಿ, ಉಚ್ಛ್ವಾಸದಲ್ಲಿ ಸಡಿಲಾಗುವುದೇ ಇದಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುವ ನಾವು ಅದನ್ನು ಆರಕ್ಕಿಳಿಸಿದರೆ ಈ ಏರಿಳಿತ ಅತ್ಯಂತ ದೊಡ್ಡದಾಗುತ್ತದೆ. ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ 23 ಮಂದಿ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಒಂದು ಮಂತ್ರವನ್ನೂ ಹೇಳಿದರು. ದೇವರು ಬೇರೆ, ಭಾಷೆ ಬೇರೆ. ಉಸಿರು ಮಾತ್ರ ಎರಡರಲ್ಲಿಯೂ ನಿಮಿಷಕ್ಕೆ ಸುಮಾರು ಆರಕ್ಕೇ ಬಂದು ನಿಂತಿತು.

ಯೋಗದ ಹೆಸರಿನಲ್ಲಿ ಉತ್ಪ್ರೇಕ್ಷೆಯೂ ಕಡಮೆಯಿಲ್ಲ. ಹೃದಯವನ್ನೇ ನಿಲ್ಲಿಸುತ್ತೇವೆನ್ನುವವರನ್ನು ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ಮೂವರು ವಿಜ್ಞಾನಿಗಳು ಯಂತ್ರಗಳೊಡನೆ ಪರೀಕ್ಷಿಸಿ 1961ರಲ್ಲಿ ವರದಿ ಬರೆದರು. ಕೈಗೆ ನಾಡಿ ಸಿಗದಾಗುತ್ತಿತ್ತು, ಎದೆಯ ಸದ್ದು ಕೇಳದಾಗುತ್ತಿತ್ತು. ಆದರೆ ಹೃದಯದ ವಿದ್ಯುಲ್ಲೇಖ ಒಂದು ಗಳಿಗೆಯೂ ನಿಲ್ಲಲಿಲ್ಲ. ಉಸಿರು ಬಿಗಿಹಿಡಿದು ಎದೆಯೊಳಗಿನ ಒತ್ತಡವನ್ನು ಏರಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಮೆಯಾಗಿ ನಾಡಿ ಕ್ಷೀಣಿಸಿತ್ತು, ಅಷ್ಟೆ. ಇದನ್ನು ವಾಚಕರು ಮಾಡಿ ನೋಡಬಾರದು. ತಲೆ ಸುತ್ತಿ ಬೀಳುವ ಸಂಭವವುಂಟು.

ಅದೇ ವರ್ಷ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಅವರು ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿದರು. ಎಚ್ಚರವಿದ್ದು ವಿಶ್ರಾಂತವಾಗಿರುವ ಮಿದುಳಿನಲ್ಲಿ 'ಆಲ್ಫಾ' ಎಂಬ ಅಲೆಗಳು ಕಾಣುತ್ತವೆ. ಸದ್ದಾದರೆ, ಬೆಳಕು ಬಿದ್ದರೆ ಅವು ತಟ್ಟನೆ ಕದಡುತ್ತವೆ. ಈ ಯೋಗಿಗಳು ಧ್ಯಾನದಲ್ಲಿದ್ದಾಗ ಅವು ಕದಡಲಿಲ್ಲ. ಇಬ್ಬರು 4 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ ಮುಕ್ಕಾಲು ಗಂಟೆ ಕೈಯಿಟ್ಟರೂ ಅಲೆಗಳು ಮುಂದುವರಿದವು. ಐದು ವರ್ಷಗಳ ಬಳಿಕ ಜಪಾನಿನ ಕಾಸಮಾತ್ಸು ಮತ್ತು ಹಿರಾಯಿ ಎಂಬವರು ಝೆನ್ ಸಾಧಕರ ಕಿವಿಯ ಬಳಿ ಮತ್ತೆ ಮತ್ತೆ 'ಟಕ್' ಎಂಬ ಸದ್ದು ಮಾಡಿಸಿದರು. ಇತರರ ಮಿದುಳು ನಾಲ್ಕಾರು ಸದ್ದಿಗೆ ಒಗ್ಗಿಕೊಂಡು ಸುಮ್ಮನಾಯಿತು. ಝೆನ್ ಸಾಧಕರದು ಪ್ರತಿ ಸದ್ದನ್ನೂ ಮೊದಲನೆಯದೆಂಬಂತೆ ಕೇಳಿತು. ಒಬ್ಬರು ಬಾಗಿಲು ಮುಚ್ಚಿಕೊಂಡವರು, ಇನ್ನೊಬ್ಬರು ಬಾಗಿಲು ತೆರೆದು ಕುಳಿತವರು! ಈ ಅಂದವಾದ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಇಂದಿಗೂ ಸಾಗುತ್ತಿದೆ. ಆದರೆ 1981ರಲ್ಲಿ ಬೆಕರ್ ಮತ್ತು ಶಪೀರೊ ಎಂಬವರು ಯೋಗದವರನ್ನೂ ಝೆನ್ ಪಂಥದವರನ್ನೂ ಇತರರನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಮೊದಲಿನ ಪರೀಕ್ಷೆಗಳಿಗೆ ಒಳಗಾದವರು ಬೆರಳೆಣಿಕೆಯ ಮಂದಿ. ಕಥೆ ಸೊಗಸಾಗಿದೆಯೆಂಬುದು ಅದು ನಿಜವೆಂಬುದಕ್ಕೆ ಸಾಕ್ಷಿಯಲ್ಲ.

ಇನ್ನೂ ಒಂದು ಪರೀಕ್ಷೆ ನಮಗೆ ಬಹಳ ಹಿಡಿಸಿತು. 2008ರಲ್ಲಿ ಸಾಹಿಬ್ ಖಾಲ್ಸಾ ಮತ್ತು ಸಂಗಡಿಗರು ಬಹುಕಾಲ ಧ್ಯಾನ ಮಾಡಿದವರನ್ನೂ ಮಾಡದವರನ್ನೂ ಕೂಡಿಸಿ, ನಾಡಿ ಮುಟ್ಟದೆ ತಮ್ಮ ಹೃದಯಬಡಿತವನ್ನು ಗುರುತಿಸಲು ಹೇಳಿದರು. ಧ್ಯಾನಿಗಳು ಇದು ತಮಗೆ ಸುಲಭವೆಂದು ಭಾವಿಸಿದರು. ಲೆಕ್ಕದಲ್ಲಿ ಮಾತ್ರ ಇತರರಿಗಿಂತ ಮೇಲಾಗಲಿಲ್ಲ. ತನ್ನನ್ನು ತಾನು ಬಲ್ಲೆನೆಂಬ ಭಾವನೆಯೂ ಬಲ್ಲುದೂ ಬೇರೆ ಬೇರೆ.

ಹಾಗಾದರೆ ಲಕ್ಷ್ಯದ ಅಭ್ಯಾಸದಿಂದ ದೊರೆಯುವುದೇನು? ಇಲ್ಲಿ ಒಂದು ಹಳೆಯ ಶಬ್ದ ನೆರವಿಗೆ ಬರುತ್ತದೆ. ಇಂದು ಪಶ್ಚಿಮದಲ್ಲಿ 'ಮೈಂಡ್‌ಫುಲ್‌ನೆಸ್' ಎಂದು ಮನೆಮಾತಾಗಿರುವುದು ಪಾಲಿ ಭಾಷೆಯ 'ಸತಿ', ಸಂಸ್ಕೃತದ 'ಸ್ಮೃತಿ'. ನೆನಪೆಂಬುದೇ ಅದರ ಮೂಲಾರ್ಥ. ಮಾಡುತ್ತಿರುವುದನ್ನು ಮರೆಯದಿರುವುದು, ಮರೆತರೆ ಮತ್ತೆ ನೆನೆಯುವುದು. ಪತಂಜಲಿಯ ಯೋಗಸೂತ್ರಗಳಲ್ಲಿಯೂ ಸಾಧಕನ ಸಲಕರಣೆಗಳಲ್ಲಿ ಸ್ಮೃತಿ ಒಂದು. ನಮ್ಮ ಶರಣರಿಗೆ 'ಅರಿವು' ಎಂಬ ಮಾತಿತ್ತು. 1979ರಲ್ಲಿ ಅಮೇರಿಕದ ಜಾನ್ ಕಬಟ್-ಝಿನ್ ಈ ಅಭ್ಯಾಸವನ್ನು ಸರಳವಾದ ಹಠಯೋಗದ ಆಸನಗಳೊಡನೆ ಸೇರಿಸಿ ಎಂಟು ವಾರಗಳ ಪಾಠಕ್ರಮವಾಗಿ ಆಸ್ಪತ್ರೆಯೊಳಕ್ಕೆ ತಂದರು. ಮನಸ್ಸು ಅಲೆಯಲೇಬಾರದೆಂಬುದು ಈ ಅಭ್ಯಾಸದ ನಿರೀಕ್ಷೆಯಲ್ಲ. ಅಲೆದದ್ದು ತಿಳಿಯಬೇಕು, ತಿಳಿದಾಗ ಬೈದುಕೊಳ್ಳದೆ ಮರಳಬೇಕು. ಈ ಮರಳುವಿಕೆಯೇ ವ್ಯಾಯಾಮ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರಷ್ಟು ಹಿಂದೆಯೇ, ಅಲೆಯುವ ಗಮನವನ್ನು ಮತ್ತೆ ಮತ್ತೆ ಮರಳಿ ತರುವ ಶಕ್ತಿಯೇ ವಿವೇಕದ ಬೇರೆಂದು ಬರೆದು, ಅದನ್ನು ಕಲಿಸುವ ಬಗೆಯನ್ನು ಹೇಳುವುದು ಮಾತ್ರ ಕಷ್ಟವೆಂದು ಒಪ್ಪಿಕೊಂಡಿದ್ದನು.

ಈಗ ಚಾಪೆಯನ್ನು ಸುತ್ತಿಟ್ಟು ಬೀದಿಗೆ ಬರೋಣ. ಹುಬ್ಬಳ್ಳಿಯ ಸಂಜೆ. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ, ಪಕ್ಕದಲ್ಲಿ ಗಿರ್ಮಿಟ್. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತಟ್ಟೆಯ ಕಡೆಗೆ. ಎಷ್ಟು ತಿಂದೆವೆಂಬುದು ತಿಳಿಯುವುದು ಅಂಗಡಿಯವನು ಲೆಕ್ಕ ಹೇಳಿದಾಗ! ನಾವು ಹೀಗೆ ಮೂರೆಂದುಕೊಂಡು ಐದಕ್ಕೆ ಹಣ ತೆತ್ತದ್ದುಂಟು. ಅಂಗಡಿಯವನ ಲೆಕ್ಕ ತಪ್ಪೆಂದು ವಾದಕ್ಕೂ ನಿಂತು, ತಟ್ಟೆಯ ತೊಟ್ಟುಗಳನ್ನು ಎಣಿಸಿ ತೆಪ್ಪಗಾದೆವು. ಇದು ನಮ್ಮೊಬ್ಬರ ಪಾಡಲ್ಲ. ಈ ವಿಷಯದ ಹಲವು ಪ್ರಯೋಗಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬೇರೆಡೆ ಗಮನವಿಟ್ಟು ತಿನ್ನುವವರು ಆ ಹೊತ್ತಿನಲ್ಲಿ ಹೆಚ್ಚು ತಿನ್ನುವುದಲ್ಲದೆ ಮುಂದಿನ ಊಟದಲ್ಲಿಯೂ ಹೆಚ್ಚು ತಿನ್ನುವರೆಂದು ತಿಳಿದುಬಂದಿತು. ಹಸಿವೆಂಬುದು ಹೊಟ್ಟೆಯ ಸಂಗತಿ ಮಾತ್ರವಲ್ಲ, ನೆನಪಿನ ಸಂಗತಿಯೂ ಹೌದು. ಲಕ್ಷ್ಯವಿಲ್ಲದೆ ತಿಂದುದರ ನೆನಪು ಗಟ್ಟಿಯಾಗಿ ಉಳಿಯುವುದಿಲ್ಲ.

ಭಜಿಯಾದರೆ ಹೋಗಲಿ. ಕಾಲೇಜಿನ ಗೇಟಿನಾಚೆ ಗೆಳೆಯನು ನೀಡುವ ಸಿಗರೇಟು, ಗುಟ್ಕಾ ಚೀಟಿಗಳ ಮಾತೇನು? ಇಲ್ಲಿ 2009ರಲ್ಲಿ ಅಮೇರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾರಾ ಬೋವೆನ್ ಮತ್ತು ಅಲನ್ ಮಾರ್ಲಟ್ ಪ್ರಕಟಿಸಿದ ಪ್ರಯೋಗವನ್ನು ವಿವರವಾಗಿ ಹೇಳಬೇಕು. ಸಿಗರೇಟು ಸೇದುವ 123 ಕಾಲೇಜು ವಿದ್ಯಾರ್ಥಿಗಳನ್ನು ಕೂಡಿಸಿ, ಸೇದಬೇಕೆಂಬ ಬಯಕೆ ಕೆರಳುವಂತೆ ಮಾಡಿದರು. ಒಂದು ಗುಂಪಿನವರಿಗೆ, ಬಯಕೆಯನ್ನು ಅದುಮಬೇಡಿ, ಅದಕ್ಕೆ ಮಣಿಯಲೂ ಬೇಡಿ, ಅದು ಮೈಯಲ್ಲಿ ಎಲ್ಲಿ ಹೇಗೆ ಏಳುತ್ತದೆ, ಅಲೆಯಂತೆ ಹೇಗೆ ಏರಿ ಇಳಿಯುತ್ತದೆ ಎಂಬುದನ್ನು ನೋಡುತ್ತಿರಿ ಎಂದು ಹೇಳಿಕೊಟ್ಟರು. ಇನ್ನೊಂದು ಗುಂಪಿನವರಿಗೆ, ನಿಮಗೆ ತೋಚಿದಂತೆ ಎದುರಿಸಿರಿ ಎಂದರು. ಎರಡು ಗುಂಪಿನವರ ಬಯಕೆಯ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಂದಿನ ಏಳು ದಿನಗಳಲ್ಲಿ ಮೊದಲನೆಯ ಗುಂಪಿನವರು ಸೇದಿದ ಸಿಗರೇಟುಗಳು ಕಡಮೆ.

ಇದರ ಅರ್ಥ ಸ್ವಲ್ಪ ನಿಂತು ಯೋಚಿಸತಕ್ಕದ್ದು. ಲಕ್ಷ್ಯವು ಬಯಕೆಯನ್ನು ಕೊಲ್ಲಲಿಲ್ಲ. ಬಯಕೆಗೂ ಕೈಗೂ ನಡುವೆ ಒಂದಿಷ್ಟು ಅಂತರವನ್ನು ತೆರೆಯಿತು. ಅಭ್ಯಾಸಬಲದಿಂದ ನಡೆಯುವ ಕೃತ್ಯದಲ್ಲಿ ಈ ಅಂತರವೇ ಇರುವುದಿಲ್ಲ. ಫೋನು ಮಿನುಗಿತು, ಕೈ ಹೋಯಿತು. ಆಯ್ಕೆಯೆಂಬುದು ನಡೆಯಬೇಕಾದರೆ ಮೊದಲು ಆಯ್ಕೆಯ ಗಳಿಗೆ ಬಂದಿದೆಯೆಂಬುದು ತಿಳಿಯಬೇಕಷ್ಟೆ. ವೃಕ್ಷಾಸನದಲ್ಲಿ ಕಾಲು ನಡುಗಿದಾಗ ತಟ್ಟನೆ ಕಾಲಿಳಿಸದೆ, ಹಟದಿಂದ ಹಲ್ಲು ಕಚ್ಚಿಯೂ ನಿಲ್ಲದೆ, ನಡುಕವನ್ನೇ ಒಂದೆರಡು ಉಸಿರಿನವರೆಗೆ ನೋಡಿದವನು ಇದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ಮಾಡಿರುತ್ತಾನೆ. ನೋವು ಮಾತ್ರ ಬೇರೆ ಸಂಗತಿ. ಕೀಲಿನಲ್ಲಿ ಚುಚ್ಚುವ ನೋವು ಕಂಡರೆ ಆಸನವನ್ನು ಬಿಡುವುದೇ ಲಕ್ಷ್ಯದ ಲಕ್ಷಣ.

ಇದನ್ನು ಸರ್ವರೋಗಕ್ಕೆ ಮದ್ದೆಂದು ಮಾರುವವರೂ ಇದ್ದಾರೆ. 2014ರಲ್ಲಿ ಧ್ಯಾನದ ಬಗೆಗಿನ 47 ಪರೀಕ್ಷೆಗಳನ್ನು ಒರೆಗೆ ಹಚ್ಚಿದ ಗೋಯಲ್ ಮತ್ತು ಸಂಗಡಿಗರಿಗೆ ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಪ್ರಮಾಣದ ಉಪಶಮನ ಕಂಡಿತು. ಆದರೆ ವ್ಯಾಯಾಮ, ಔಷಧ ಮುಂತಾದ ಬೇರೆ ಚಿಕಿತ್ಸೆಗಳಿಗಿಂತ ಇದು ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಡನೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯ ಫಲ ಇನ್ನೂ ನಿರಾಶಾದಾಯಕ: ತರಗತಿಯಲ್ಲಿ ಎಲ್ಲರಿಗೂ ಈ ಪಾಠ ಹೇಳಿದ ಶಾಲೆಗಳಿಗೂ ಎಂದಿನ ಪಾಠ ನಡೆಸಿದ ಶಾಲೆಗಳಿಗೂ ಮಕ್ಕಳ ಮನಃಸ್ವಾಸ್ಥ್ಯದಲ್ಲಿ ವ್ಯತ್ಯಾಸವಾಗಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳು ಬಹಳ ಕಡಮೆ. ನಮಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಮೇಲಿನಿಂದ ಅಪ್ಪಣೆಯಾಗಿ ಸಾಲಾಗಿ ನಿಂತು ಕಲಿಯುವ ಸಂಗತಿಯಲ್ಲ ಇದು. ಕವಾಯತಿನಿಂದ ಕಾಲು ಸಾಲಾಗಬಹುದು. ಇನ್ನು ವಾರಗಟ್ಟಲೆ ನಿದ್ರೆ ಕೆಟ್ಟು, ಬದುಕೇ ಬೇಡವೆನಿಸುವಂಥ ಸ್ಥಿತಿಯಲ್ಲಿರುವವರು ಕಣ್ಣು ಮುಚ್ಚಿ ಕುಳಿತು ಕಾಲ ಕಳೆಯಕೂಡದು. ಈ ಅವಳಿ ನಗರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್, ಹತ್ತಿರದಲ್ಲಿಯೇ ಇದೆ. 14416 ಎಂಬ ಸರಕಾರದ ಟೆಲಿ-ಮಾನಸ್ ದೂರವಾಣಿಯಲ್ಲಿ ಹಗಲೂ ರಾತ್ರಿಯೂ ಮಾತನಾಡಬಹುದು.

ಲಕ್ಷ್ಯವನ್ನು ಅಳೆಯುವ ಒಂದು ಸರಳ ಕ್ರಮವನ್ನು 2014ರಲ್ಲಿ ಡೇನಿಯಲ್ ಲೆವಿನ್ಸನ್ ಮತ್ತು ಸಂಗಡಿಗರು ಪರೀಕ್ಷೆಗೊಳಪಡಿಸಿದರು. ಉಸಿರನ್ನು ಬದಲಿಸದೆ, ಬಂದಂತೆ ಬಿಡುತ್ತ, ಒಂದರಿಂದ ಒಂಬತ್ತರವರೆಗೆ ಎಣಿಸುವುದು. ಒಂಬತ್ತಾದ ಮೇಲೆ ಮತ್ತೆ ಒಂದು. ನಾವು ಇದನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಮಾಡಿ ನೋಡಿದೆವು. ಸುಮಾರು ಇಪ್ಪತ್ತು ಕಿಲೋಮೀಟರಿನ ದಾರಿ. ಹೊಸೂರು ಬಿಟ್ಟಾಗ ಆರಂಭಿಸಿದ ಎಣಿಕೆ ಉಣಕಲ್ ಕೆರೆ ಕಾಣುವವರೆಗೆ ಎರಡು ಸುತ್ತು ಸರಿಯಾಗಿ ಬಂದಿತು. ಕೆರೆಯ ನೀರು ಎಷ್ಟಿದೆಯೆಂದು ನೋಡಲು ಹೋದದ್ದೇ ಎಣಿಕೆ ತಪ್ಪಿತು. ನವನಗರದ ಬಳಿ ಎಚ್ಚರವಾದಾಗ ಹದಿಮೂರಕ್ಕೆ ಬಂದಿದ್ದೆವು. ಒಂಬತ್ತನ್ನು ಯಾವಾಗ ದಾಟಿದೆವೆಂಬುದೇ ಗೊತ್ತಾಗಿರಲಿಲ್ಲ. ಸತ್ತೂರಿನಲ್ಲಿ ಮಗ್ಗುಲಿನವರು ಹೊತ್ತೆಷ್ಟೆಂದು ಕೇಳಿದರು. ಅಲ್ಲಿಂದ ಮುಂದೆ ಟೋಲ್ ನಾಕಾದವರೆಗೆ ಇನ್ನೊಂದೇ ಸುತ್ತು ಪೂರ್ತಿಯಾಯಿತು.

ವಾಚಕರು ಮನೆಯಲ್ಲಿಯೇ ಹತ್ತು ನಿಮಿಷ ಗಡಿಯಾರವಿಟ್ಟುಕೊಂಡು ಇದನ್ನು ಏಳು ದಿನ ಮಾಡಬಹುದು. ಬೆಳಿಗ್ಗೆ ಆಸನದ ಮೊದಲು ಒಮ್ಮೆ, ಆಸನದ ಬಳಿಕ ಒಮ್ಮೆ. ಸಂಜೆ ಫೋನು ನೋಡಿದ ಕೂಡಲೇ ಒಮ್ಮೆ. ತಪ್ಪದೆ ಒಂಬತ್ತಕ್ಕೆ ಮುಟ್ಟಿದ ಸುತ್ತುಗಳೆಷ್ಟು, ತಪ್ಪಿದವೆಷ್ಟು, ಎಣಿಕೆ ತಪ್ಪಿದ್ದನ್ನು ತಾವೇ ಕಂಡುಹಿಡಿದದ್ದು ಎಷ್ಟು ಸಲ ಎಂಬ ಮೂರು ಅಂಕಣಗಳನ್ನು ವಹಿಯಲ್ಲಿ ಗೆರೆಯೆಳೆದು ತುಂಬಿರಿ. ಮೂರನೆಯ ಅಂಕಣವನ್ನು ಬಿಡಬೇಡಿ. ಮಾಸ್ತರರ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲಿ.